ಜಗಳ ಉಳಿಸಿದ ಕಾಗದಗಳು

ದೌಂಡ ತಾಲ್ಲೂಕಿನ ಕೆಡಗಾವ್‌ನಲ್ಲಿ 'ಮುಕ್ತಿ' ಕಟ್ಟಿದ ಪಂಡಿತಾ ರಮಾಬಾಯಿ 1922ರಲ್ಲಿ ಅಲ್ಲೇ ಕಣ್ಣು ಮುಚ್ಚಿದರು. ಹುಟ್ಟಿದ್ದು ಮಾತ್ರ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ, 1858ರಲ್ಲಿ. ಹೆಂಡತಿಗೆ ಸಂಸ್ಕೃತ ಕಲಿಸಿ ನಿಷ್ಠುರ ಕಟ್ಟಿಕೊಂಡ ಅನಂತಶಾಸ್ತ್ರಿ ಡೋಂಗ್ರೆ ಅವರ ತಂದೆ. ಮಗಳಿಗೆ ಪಾಠ ಹೇಳಿದ್ದು ಆ ತಾಯಿ, ಲಕ್ಷ್ಮೀಬಾಯಿ.

ರಮಾಬಾಯಿ ಜಾತಿ ಮೀರಿ ಮದುವೆಯಾದರು. ಎರಡು ವರ್ಷ ತುಂಬುವುದರೊಳಗೆ ಗಂಡ ತೀರಿಕೊಂಡ. 1883ರಲ್ಲಿ ಕೂಸನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದರು. ಕ್ರೈಸ್ತರಾದಾಗ ಇಲ್ಲಿನವರು ಸಿಟ್ಟಾದರು. ಹೇಳಿದ್ದನ್ನೆಲ್ಲ ನಂಬಲಾರೆ ಎಂದಾಗ ಅಲ್ಲಿನವರೂ ಮುನಿದರು. ವಾಂಟೇಜ್ ಮಠದ ಸಿಸ್ಟರ್ ಜೆರಾಲ್ಡಿನ್ ಜೊತೆ ಕಾಗದದಲ್ಲೇ ವಾದ ನಡೆಯಿತು.

ಆ ಕಾಗದಗಳನ್ನು ಜೋಪಾನ ಮಾಡಿ ಜೋಡಿಸಿಟ್ಟವರು ಅದೇ ಜೆರಾಲ್ಡಿನ್! 1977ರಲ್ಲಿ ಮಹಾರಾಷ್ಟ್ರದ ಸಾಹಿತ್ಯ ಸಂಸ್ಕೃತಿ ಮಂಡಳಿ ಅವನ್ನು ಅಚ್ಚು ಮಾಡಿಸಿತು. ಗ್ರಂಥಾಲಯದಲ್ಲಿ ಆ ಪುಸ್ತಕ ತೆರೆದರೆ, ಉಪಕಾರ ಮಾಡಿದವರಿಗೂ ಮನಸ್ಸನ್ನು ಒಪ್ಪಿಸದ ಇಪ್ಪತ್ತೇಳರ ತರುಣಿಯ ದನಿ ಕೇಳುತ್ತದೆ. ಒಪ್ಪದವರೇ ಅದನ್ನು ಉಳಿಸಿಕೊಟ್ಟರು.

ರಮಾಬಾಯಿಯವರ ಮರಾಠಿ ಬೈಬಲ್‌ಗೆ ಅಚ್ಚುಮೊಳೆ ಜೋಡಿಸಿದವರು ಮುಕ್ತಿಯ ಹೆಂಗಸರು. ಅವರ ಕೈಕೆಲಸ ಕಪಾಟಿನಲ್ಲಿದೆ. ಅವರ ಬದುಕನ್ನು ಯಾವ ಕಪಾಟಿನಲ್ಲಿ ಹುಡುಕಬೇಕು?