ಪರದೇಶಿಯ ಸವಾರಿ

ನಮ್ಮಲ್ಲಿ 'ಪರದೇಶಿ' ಎಂಬ ಮಾತಿಗೆ ಎರಡು ಅರ್ಥಗಳುಂಟು. ಬೇರೆ ದೇಶದಿಂದ ಬಂದವನು ಎಂಬುದು ನಿಘಂಟಿನ ಅರ್ಥ. ದಿಕ್ಕಿಲ್ಲದವನು, ತಬ್ಬಲಿ ಎಂಬುದು ಅಜ್ಜಿಯರ ಅರ್ಥ. ಗಡಿ ದಾಟಿದರೆ ತಮಿಳಿನಲ್ಲಿಯೂ ಈ ಮಾತು ಉಂಟು. ಅಲ್ಲಿ ಅದು ತಿರುಪೆಯವನವರೆಗೂ ಇಳಿದಿದೆ. ಈ ಎಲ್ಲ ಅರ್ಥಗಳೂ ಒಬ್ಬನೇ ಮನುಷ್ಯನಲ್ಲಿ ಕೂಡಿ ನಿಲ್ಲುವುದನ್ನು ಕಾಣಬೇಕಾದರೆ, ರಾತ್ರಿ ಹತ್ತು ಗಂಟೆಯ ಮೇಲೆ ಕೃಷ್ಣಗಿರಿಯ ಹೊರವಲಯದಲ್ಲಿ ಲಾರಿಗಳಿಗೆ ಕೈ ಅಡ್ಡ ಹಿಡಿದು ನಿಂತವನನ್ನು ಕಾಣಬೇಕು. ಅವನ ಅವಸ್ಥೆ ನನಗೆ ಚೆನ್ನಾಗಿ ಗೊತ್ತು. ಹೊಸೂರಿನಾಚೆ ತಳಿ ರಸ್ತೆಯ ಕಡೆಯ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಮೇಷ್ಟರಾಗಿದ್ದ ನನಗೆ, ಆ ರಸ್ತೆ ಎರಡನೆಯ ಪಾಠಶಾಲೆಯೇ ಆಗಿತ್ತು.

ಲಾರಿಯ ಸಹವಾಸ ಮೇಷ್ಟರಿಗೇಕೆ ಬಂತು ಎಂದು ಕೇಳುವವರಿಗೆ ಸ್ವಲ್ಪ ಚರಿತ್ರೆ ಹೇಳಬೇಕು. ಕೃಷ್ಣಗಿರಿಯ ಸುತ್ತಿನ ಬಾರಾಮಹಲು ಸೀಮೆಯನ್ನು ಟಿಪ್ಪು ಸುಲ್ತಾನನು 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಕಂಪೆನಿಗೆ ಬಿಟ್ಟುಕೊಟ್ಟನು. ಹೊಸೂರು ಸೀಮೆ ಅವನು ಮಡಿದ 1799ರಲ್ಲಿ ಅದೇ ದಾರಿ ಹಿಡಿಯಿತು. ಅಂದಿನಿಂದ ನಮ್ಮ ಕಾಗದಪತ್ರಗಳು ಸೇಲಂ ಜಿಲ್ಲೆಗೆ ನಡೆದವು. 1956ರ ನವೆಂಬರ್ 1ರಂದು ಭಾಷೆಯ ಆಧಾರದಿಂದ ರಾಜ್ಯಗಳನ್ನು ಹೊಸದಾಗಿ ಗೆರೆಯೆಳೆದು ಹಂಚಿದಾಗಲೂ ಹೊಸೂರು ಮದರಾಸು ರಾಜ್ಯದಲ್ಲಿಯೇ ಉಳಿಯಿತು. 1965ರಲ್ಲಿ ಸೇಲಂ ಒಡೆದು ಧರ್ಮಪುರಿ ಜಿಲ್ಲೆಯಾಯಿತು. 2004ರ ಫೆಬ್ರವರಿಯಲ್ಲಿ ಧರ್ಮಪುರಿ ಒಡೆದು ಕೃಷ್ಣಗಿರಿ ಜಿಲ್ಲೆಯಾಯಿತು. ಚರಿತ್ರಕಾರರಿಗೆ ಇವು ಬರಿಯ ಇಸವಿಗಳು. ಮೇಷ್ಟರಿಗೆ ಇವು ಮೈಲಿಗಳು. ಸಂಬಳದ ಬಿಲ್ಲು, ಪಠ್ಯಪುಸ್ತಕ, ಪರೀಕ್ಷೆ, ವರ್ಗಾವಣೆ ಯಾವುದಕ್ಕೇ ಆಗಲಿ ಮೊದಲು ಧರ್ಮಪುರಿಗೂ ಆಮೇಲೆ ಕೃಷ್ಣಗಿರಿಗೂ ಓಡಬೇಕು. ಕಛೇರಿಯಲ್ಲಿ ಸಂಜೆಯವರೆಗೆ ಕೂರಿಸಿ 'ನಾಳೆ ಬನ್ನಿ' ಎನ್ನುವ ಸೌಜನ್ಯ ಎಲ್ಲ ಭಾಷೆಗಳಲ್ಲಿಯೂ ಒಂದೇ. ಹೊಸೂರಿಗೆ ತಡವಾಗಿ ಬಂದರೆ ಹಳ್ಳಿಯ ಕೊನೆಯ ಬಸ್ಸು ಹೋಗಿಬಿಟ್ಟಿರುತ್ತದೆ. ಆದ್ದರಿಂದ ಸಿಕ್ಕಿದ ಬಂಡಿ ಹತ್ತುವ ವಿದ್ಯೆಯನ್ನು ಕಲಿಯಲೇಬೇಕಾಯಿತು.

ವಿದ್ಯೆ ಎಂದೆ, ಅದು ಹಾಸ್ಯದ ಮಾತಲ್ಲ. ಕೃಷ್ಣಗಿರಿಯಲ್ಲಿ ಬೆಂಗಳೂರು, ಚೆನ್ನೈ, ಸೇಲಂ, ತಿರುವಣ್ಣಾಮಲೈ ಈ ನಾಲ್ಕು ದಿಕ್ಕಿನ ಹೆದ್ದಾರಿಗಳು ಬಂದು ಸೇರುತ್ತವೆ. ಎಲ್ಲಿ ನಿಲ್ಲಬೇಕೆಂಬುದನ್ನು ತಿಳಿಯದವನು ಬೆಳಗಾಗುವವರೆಗೂ ಅಲ್ಲಿಯೇ ನಿಂತಿರುತ್ತಾನೆ. ಏರಿನಲ್ಲಿ ನಿಲ್ಲಬೇಕು, ಏರಿನಲ್ಲಿ ಲಾರಿಗೆ ವೇಗವಿರದು, ಚಾಲಕನಿಗೆ ನಿಮ್ಮ ಮುಖ ನೋಡುವಷ್ಟು ಪುರಸತ್ತು ಇರುತ್ತದೆ. ಹೆಡ್‌ಲೈಟಿನ ಬೆಳಕು ಬೀಳುವ ಕಡೆ ನಿಲ್ಲಬೇಕು. ಬಿಳಿಯ ಅಂಗಿ ಒಳ್ಳೆಯದು, ಕೊಡೆ ಇನ್ನೂ ಒಳ್ಳೆಯದು. ಕೊಡೆ ಹಿಡಿದ ಕಳ್ಳನನ್ನು ಯಾರೂ ಕಂಡಿಲ್ಲ. ಎಲ್ಲಕ್ಕಿಂತ ಮುಖ್ಯವಾದುದು ನಂಬರು ಹಲಗೆಯನ್ನು ದೂರದಿಂದಲೇ ಓದುವುದು. ಟಿ.ಎನ್. 28 ಎಂದಿದ್ದರೆ ನಾಮಕ್ಕಲ್ಲು, 52 ಎಂದಿದ್ದರೆ ಸಂಕಗಿರಿ. ಇವೆರಡೂ ಲಾರಿಗಳಿಗೇ ಹೆಸರಾದ ಊರುಗಳು. 70 ಎಂದಿದ್ದರೆ ನಮ್ಮ ಹೊಸೂರೇ. ಕೆ.ಎ. ಎಂದಿದ್ದರೆ ಕನ್ನಡ, ಎ.ಪಿ. ಎಂದಿದ್ದರೆ ತೆಲುಗು. ಲಾರಿ ಬಂದು ನಿಲ್ಲುವುದರೊಳಗೆ ಯಾವ ಭಾಷೆಯಲ್ಲಿ ಬಾಯಿ ತೆರೆಯಬೇಕೆಂಬುದು ನಿಶ್ಚಯವಾಗಿರಬೇಕು. ಮೊದಲನೆಯ ಮಾತು ತಪ್ಪಿದರೆ ಗೇರು ಬದಲಾಗಿ ಲಾರಿ ಹೊರಟುಬಿಡುತ್ತದೆ.

ಹತ್ತಿದ ಮೇಲಿನ ಸುಖವನ್ನು ಬಸ್ಸಿನ ಪ್ರಯಾಣಿಕರು ಅರಿಯರು. ಎಂಜಿನಿನ ಕಾವು ಅಂಗಾಲಿಗೆ ತಗಲುತ್ತಿರುತ್ತದೆ. ಮುಂದೆ ವಿನಾಯಕನ ಪಟ, ಅದರ ಕೆಳಗೆ ಬಾಡಿದ ಮಲ್ಲಿಗೆ, ಊದಿನಕಡ್ಡಿಯ ಬೂದಿ. ಜೂನ್ ತಿಂಗಳಾದರೆ ಹಿಂದುಗಡೆಯಿಂದ ಮಾವಿನ ಹಣ್ಣಿನ ವಾಸನೆ. ನಾವು ಗಿಣಿಮೂತಿಯ ಮಾವು, ತೋತಾಪುರಿ ಎನ್ನುವ ಹಣ್ಣನ್ನು ಅಲ್ಲಿಯವರು 'ಬೆಂಗಳೂರಾ' ಎನ್ನುತ್ತಾರೆ. ಒಮ್ಮೆ ಒಬ್ಬ ಚಾಲಕನು ನನ್ನನ್ನೂ ಹಣ್ಣನ್ನೂ ಒಟ್ಟಿಗೆ ಸೇರಿಸಿ, "ಹಿಂದೆ ಒಂದು ಲೋಡು ಬೆಂಗಳೂರಾ, ಮುಂದೆ ಒಂದು ಬೆಂಗಳೂರಾ" ಎಂದು ತಮಿಳಿನಲ್ಲಿ ನಕ್ಕನು. ನಾನು ಬೆಂಗಳೂರಿನವನಲ್ಲ ಎಂದೆ. "ಕನ್ನಡ ತಾನೇ?" ಎಂದನು. ಕನ್ನಡವೇ, ಆದರೆ ಊರು ಇದೇ ಸೀಮೆ ಎಂದೆ. ಅವನು ಸ್ವಲ್ಪ ಹೊತ್ತು ಆಲೋಚಿಸಿ, "ಹಾಗಾದರೆ ನಿಮ್ಮ ಹಿರಿಯರು ಯಾವಾಗ ಬಂದರು?" ಎಂದು ಕೇಳಿದನು.

ಕೇಳಿದ್ದರಲ್ಲಿ ಲೇಶವೂ ದ್ವೇಷವಿರಲಿಲ್ಲ; ಪಾಪ, ಅವನು ನಾಮಕ್ಕಲ್ಲಿನ ಕಡೆಯವನು. ಆದರೆ ಈ ಪ್ರಶ್ನೆಗೆ ಐವತ್ತು ಕಿಲೋಮೀಟರಿನಲ್ಲಿ ಹೇಳಬಹುದಾದ ಉತ್ತರ ನನಗೆ ಇನ್ನೂ ಸಿಕ್ಕಿಲ್ಲ. ನಮ್ಮ ಹಳ್ಳಿಗಳಲ್ಲಿ ಅವ್ವ ಕನ್ನಡ ಮಾತಾಡುತ್ತಾಳೆ, ಸಂತೆ ತೆಲುಗು ಮಾತಾಡುತ್ತದೆ, ಸರಕಾರ ತಮಿಳು ಮಾತಾಡುತ್ತದೆ. ಯಾರೂ ಎಲ್ಲಿಂದಲೂ ಬಂದವರಲ್ಲ, ಆಡಳಿತಗಳೇ ಬಂದು ಹೋದವು. ಈ ಉತ್ತರವನ್ನು ಶೂಳಗಿರಿಯ ಹತ್ತಿರ ಆರಂಭಿಸಿದರೆ ಹೊಸೂರು ಬಂದುಬಿಡುತ್ತದೆ.

ಇದಕ್ಕೆ ಹೋಲಿಸಿದರೆ ನಿಜವಾದ ಪರದೇಶಿಯ ಪಾಡು ಎಷ್ಟೋ ಸುಲಭ. ಕೃಷ್ಣಗಿರಿಯಲ್ಲಿ ಜಿಲ್ಲಾ ಕಛೇರಿಗಳು ನೆಲೆಗೊಂಡ ಮೇಲಿನ ಮಾತು. ಒಂದು ಮಧ್ಯಾಹ್ನ ಯೂರೋಪಿನ ತರುಣನೊಬ್ಬನು ಬೆನ್ನ ಮೇಲೆ ತನ್ನಷ್ಟೇ ಎತ್ತರದ ಚೀಲ ಹೊತ್ತು ಬೆಂಗಳೂರಿನ ದಾರಿಯಲ್ಲಿ ನಿಂತಿದ್ದನು. ಮುಷ್ಟಿ ಕಟ್ಟಿ ಹೆಬ್ಬೆರಳೊಂದನ್ನೇ ಎತ್ತಿ ಹಿಡಿದಿದ್ದನು. ಅವನ ದೇಶದಲ್ಲಿ ಹಾಗೆ ಮಾಡಿದರೆ 'ನನ್ನನ್ನೂ ಕರೆದುಕೊಂಡು ಹೋಗಿ' ಎಂದು ಅರ್ಥವಂತೆ. ನಮ್ಮ ಚಾಲಕರಾದರೋ 'ಎಲ್ಲ ಭೇಷಾಗಿದೆ' ಎಂದು ಅರ್ಥಮಾಡಿಕೊಂಡು, ತಾವೂ ಹೆಬ್ಬೆರಳೆತ್ತಿ, ಹಲ್ಲು ಕಿರಿದು, ಹಾರನ್ನು ಬಾರಿಸಿ ಮುಂದೆ ಹೋಗುತ್ತಿದ್ದರು. ಅವನು ಒಂದು ಗಂಟೆಯಿಂದ ಇಡೀ ತಮಿಳುನಾಡಿನ ಅಭಿನಂದನೆ ಸ್ವೀಕರಿಸುತ್ತ ನಿಂತಿದ್ದನು!

ಅಂಗೈಯನ್ನು ಕೆಳಮುಖ ಮಾಡಿ ಗಾಳಿಯನ್ನು ಮೆಲ್ಲಗೆ ತಟ್ಟುವಂತೆ ಆಡಿಸಬೇಕೆಂದು ನಾನು ತೋರಿಸಿಕೊಟ್ಟೆ. ಅವನು ನಕ್ಕು, ಥಾಯ್ಲೆಂಡಿನಲ್ಲಿಯೂ ತನಗೆ ಇದನ್ನೇ ಕಲಿಸಿದ್ದರೆಂದನು. ಥಾಯ್ಲೆಂಡು ಮಲೇಶಿಯಾಗಳನ್ನು ಹೀಗೆಯೇ ಕೈ ಅಡ್ಡ ಹಿಡಿದು ಸುತ್ತಿ ಬಂದಿದ್ದನಂತೆ. ಅಲ್ಲಿಯ ಜನಕ್ಕೆ ಅವನು ಪುಕ್ಕಟೆ ಪ್ರಯಾಣ ಬಯಸುತ್ತಾನೆಂಬುದೇ ಹೊಳೆಯುತ್ತಿರಲಿಲ್ಲವಂತೆ. ದಾರಿ ತಪ್ಪಿದವನೆಂದು ಮರುಗಿ, ಗಾಡಿಗೆ ಹತ್ತಿಸಿಕೊಂಡು ನೇರವಾಗಿ ಬಸ್ ನಿಲ್ದಾಣಕ್ಕೆ ಒಯ್ದು ಇಳಿಸುತ್ತಿದ್ದರಂತೆ. ಒಬ್ಬ ಮುದುಕಿ ಟಿಕೆಟ್ಟಿಗೆಂದು ದುಡ್ಡನ್ನೂ ಕೊಟ್ಟಳಂತೆ. ಅವನು ಈ ಕಥೆಯನ್ನು ಹೇಳುತ್ತಿರುವಾಗಲೇ ಕೃಷ್ಣಗಿರಿಯ ಸಜ್ಜನರೊಬ್ಬರು ಸ್ಕೂಟರು ನಿಲ್ಲಿಸಿ, ಅವನನ್ನು ಬಸ್ ನಿಲ್ದಾಣಕ್ಕೆ ಬಿಡಲು ಹಟ ಹಿಡಿದರು. ಏಷ್ಯಾ ಖಂಡದ ಐಕಮತ್ಯಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕೆ?

ಕೊನೆಗೆ ಲಾರಿಯೊಂದು ನಿಂತಿತು. ಇಬ್ಬರೂ ಹತ್ತಿದೆವು. ಚಾಲಕನು ಅವನಿಗೆ ಕಿಟಕಿಯ ಪಕ್ಕದ ಜಾಗ ಕೊಟ್ಟನು, ಚಹಾ ಕೊಡಿಸಿದನು, ಅವನ ತಾಯಿಯ ಆರೋಗ್ಯವನ್ನು ನನ್ನ ಮೂಲಕ ವಿಚಾರಿಸಿದನು. ಅವನ ಹಿರಿಯರು ಯಾವಾಗ ಬಂದರೆಂದು ಮಾತ್ರ ಕೇಳಲಿಲ್ಲ. ಪೂರ್ತಿ ಪರದೇಶಿ ಅತಿಥಿ; ಅರ್ಧ ಪರದೇಶಿಯೇ ಲೆಕ್ಕ ಒಪ್ಪಿಸಬೇಕಾದವನು.

ಎಳೆಯ ಓದುಗರಿಗೆ ಇಲ್ಲಿ ಒಂದು ಮಾತು ಹೇಳದಿದ್ದರೆ ನಾನು ಮೇಷ್ಟರಲ್ಲ. ಸರಕಿನ ಬಂಡಿಯಲ್ಲಿ ಜನರನ್ನು ಹತ್ತಿಸಿಕೊಳ್ಳುವುದು ಕಾನೂನಿಗೆ ವಿರುದ್ಧ. ಹಾಗೆ ಪುಕ್ಕಟೆಯಾಗಿ ಹೋದವನಿಗೆ ಅಪಘಾತವಾದರೆ ವಿಮೆಯ ಕಂಪೆನಿ ಹೊಣೆಯಲ್ಲವೆಂದು 2002ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನ ಕೊಟ್ಟಿದೆ. ಪರಿಹಾರದ ಹೊರೆ ಬಂಡಿಯ ಒಡೆಯನ ತಲೆಗೆ ಬರುತ್ತದೆ. ಎಂದರೆ ನಡುರಾತ್ರಿಯಲ್ಲಿ ನನಗಾಗಿ ಬ್ರೇಕು ಹಾಕಿದ ಒಬ್ಬೊಬ್ಬ ಚಾಲಕನೂ ತನ್ನ ಕೆಲಸವನ್ನೇ ಪಣವಾಗಿಟ್ಟಿದ್ದನು. ಅವರಲ್ಲಿ ಕೆಲವರು ಕ್ಲೀನರ ಕೈಗೆ ಹತ್ತೋ ಇಪ್ಪತ್ತೋ ಕೊಡಿಸಿಕೊಂಡರು. ಹೆಚ್ಚಿನವರಿಗೆ ಬೇಕಾಗಿದ್ದುದು ನಿದ್ದೆ ಬಾರದಂತೆ ಮಾತಾಡುವ ಒಂದು ಬಾಯಿ.

2016ರ ಸೆಪ್ಟೆಂಬರಿನಲ್ಲಿ ಆ ಬಾಯಿಯೇ ಕಟ್ಟಿತು. ಕಾವೇರಿಯ ವಿವಾದ ಹೊತ್ತಿಕೊಂಡು ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳೂ ಲಾರಿಗಳೂ ಉರಿದುಹೋದ ದಿನಗಳು ಅವು. ಕರ್ನಾಟಕದ ಬಸ್ಸುಗಳು ಅತ್ತಿಬೆಲೆಯಲ್ಲಿ ನಿಂತವು. ತಮಿಳುನಾಡಿನವು ಹೊಸೂರಿನ ಕಡೆಯಲ್ಲಿಯೇ ಉಳಿದವು. ನಡುವಿನ ದಾರಿಯನ್ನು ಜನ ಮೂಟೆ ಹೊತ್ತು, ಮಕ್ಕಳನ್ನು ಎತ್ತಿಕೊಂಡು ನಡೆದೇ ದಾಟಿದರು. ಬೆಂಗಳೂರಿನಿಂದ ಶಾಲೆಗೆಂದು ತಂದ ಕನ್ನಡ ಪುಸ್ತಕಗಳ ಕಟ್ಟೊಂದು ನನ್ನ ತಲೆಯ ಮೇಲಿತ್ತು. ಯಾರೋ ಮಹನೀಯರು ದಾನ ಮಾಡಿದ ಕಥೆಯ ಪುಸ್ತಕಗಳು; ನೂಲಿನಿಂದ ಕಟ್ಟಿದ್ದು, ಮೇಲಿನ ಪುಸ್ತಕದ ಹೆಸರು ದಪ್ಪ ಅಕ್ಷರಗಳಲ್ಲಿ ಎಲ್ಲರಿಗೂ ಕಾಣುತ್ತಿತ್ತು.

ಜೂಜುವಾಡಿ ದಾಟಿದ ಮೇಲೆ ಕಾಲು ಸೋತು, ಹಿಂದಿನಿಂದ ಬಂದ ಸಣ್ಣ ಟೆಂಪೋ ಒಂದಕ್ಕೆ ಕೈ ಅಡ್ಡ ಹಿಡಿದೆ. ತಮಿಳುನಾಡಿನ ನಂಬರು. ನಿಂತಿತು. ಎಂದಿನಂತೆ ತಮಿಳಿನಲ್ಲಿಯೇ ಕೇಳಬಹುದಾಗಿತ್ತು, ಮೂವತ್ತು ವರ್ಷದ ಅಭ್ಯಾಸ. ಆದರೆ ತಲೆಯ ಮೇಲಿನ ಕಟ್ಟು ನನಗಿಂತ ಮೊದಲೇ ಮಾತಾಡಿಬಿಟ್ಟಿತ್ತು. ಚಾಲಕನು ನನ್ನನ್ನು ನೋಡಿದನು, ಕಟ್ಟನ್ನು ನೋಡಿದನು. ಇಳಿದು ಬಂದು ಒಂದು ಮಾತೂ ಆಡದೆ ಕಟ್ಟನ್ನು ಇಳಿಸಿಕೊಂಡು ಹಿಂದುಗಡೆ ಈರುಳ್ಳಿ ಮೂಟೆಗಳ ನಡುವೆ ಇಟ್ಟನು; ಅದರ ಮೇಲೆ ಒಂದು ಗೋಣಿಚೀಲ, ಗೋಣಿಚೀಲದ ಮೇಲೆ ತಾರ್ಪಾಲಿನ ಅಂಚನ್ನು ಎಳೆದು, ಹಗ್ಗ ಬಿಗಿದನು. ಆಮೇಲೆ ನನಗೆ ಬಾಗಿಲು ತೆರೆದನು.

ಹೊಸೂರಿನವರೆಗೆ ನಾವಿಬ್ಬರೂ ಮಾತಾಡಲಿಲ್ಲ. ಅವನು ಮಾಡಿದ್ದು ಉಪಕಾರ. ನನ್ನನ್ನು ಕಾಪಾಡುವುದಕ್ಕಾಗಿಯೇ ಮಾಡಿದನು, ಸಂದೇಹವಿಲ್ಲ. ಆದರೂ ಮಕ್ಕಳ ಕಥೆಯ ಪುಸ್ತಕಗಳು ಕಳ್ಳಮಾಲಿನ ಹಾಗೆ ಹೋಗುತ್ತಿರುವುದನ್ನು ನೆನೆದು ಗಂಟಲು ಕಟ್ಟಿತು. ಅದೇ ವಾರ ಬೆಂಗಳೂರಿನ ಯಾವುದೋ ಬೀದಿಯಲ್ಲಿ ತಮಿಳು ಮೇಷ್ಟರೊಬ್ಬರು ತಮ್ಮ ಪುಸ್ತಕದ ಕಟ್ಟನ್ನು ಹೀಗೆಯೇ ಮುಚ್ಚಿಕೊಂಡು ಹೋಗಿರಬೇಕು ಎಂದೂ ಅನ್ನಿಸಿತು. ಇಳಿಯುವಾಗ ಚಾಲಕನು ಕಟ್ಟನ್ನು ತಾನೇ ಬಿಚ್ಚಿ ಕೊಟ್ಟು, ಮೇಲಿನ ಪುಸ್ತಕದ ಧೂಳನ್ನು ಅಂಗೈಯಿಂದ ಒರಸಿ, "ಮಳೆ ಬರೋ ಹಾಗಿದೆ ಸಾರ್, ಬೇಗ ಹೋಗಿ" ಎಂದನು. ನಮ್ಮ ಸೀಮೆಯ ಅಚ್ಚ ಕನ್ನಡ. ಬಾಡಿಗೆ ಕೊಡಹೋದರೆ ತೆಗೆದುಕೊಳ್ಳಲಿಲ್ಲ.

ಈಗ ಆ ರಸ್ತೆಯಲ್ಲಿ ಬಂಡಿ ಹತ್ತುವುದು ಹಿಂದಿನಷ್ಟು ಸುಲಭವಲ್ಲ. 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದ ಮೇಲೆ ಗಡಿಯ ಮಾರಾಟ ತೆರಿಗೆಯ ತಪಾಸಣೆ ಇಲ್ಲವಾಯಿತು. ದೇಶಕ್ಕೆ ಅದರಿಂದ ಲಾಭವೇ ಇರಬಹುದು; ನನ್ನಂಥವರಿಗೆ ನಷ್ಟವಾಯಿತು. ಕಾಗದ ತೋರಿಸಲು ಸಾಲುಗಟ್ಟಿ ನಿಂತ ಲಾರಿಗಳ ಪಕ್ಕದಲ್ಲಿ ನಡೆಯುತ್ತ, ಚಾಲಕರ ಮುಖ ನೋಡಿ, ಸೌಮ್ಯನಾದವನನ್ನು ಆರಿಸಿಕೊಳ್ಳುವ ಅನುಕೂಲ ತಪ್ಪಿಹೋಯಿತು. ರಸ್ತೆ ಅಗಲವಾದಷ್ಟೂ ಬಂಡಿಗಳಿಗೆ ನಿಲ್ಲುವ ಮನಸ್ಸು ಕಿರಿದಾಗುತ್ತದೆ. ಲಾರಿ ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು ಎಂಬುದನ್ನು ಒಡೆಯನು ಊರಿನಲ್ಲಿ ಕೂತೇ ಫೋನಿನಲ್ಲಿ ನೋಡುತ್ತಾನೆ.

ಆದರೂ ನಿವೃತ್ತನಾದ ಮೇಲೆ ಒಂದು ಸಲ ಹತ್ತುವ ಯೋಗ ಬಂತು. ಶೂಳಗಿರಿಯ ಹತ್ತಿರ ಒಂದು ದೊಡ್ಡ ಲಾರಿ ನಾನು ಕೈ ಎತ್ತುವುದಕ್ಕೆ ಮೊದಲೇ ನಿಂತಿತು. ಚಾಲಕನು ಬಿಹಾರದ ಹುಡುಗ, ಇಪ್ಪತ್ತೈದರ ಒಳಗಿನವನು. ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಮಾಲು ಇಳಿಸಬೇಕು. ಕೈಯಲ್ಲಿದ್ದ ಫೋನು ಸತ್ತಿತ್ತು. ವಿಳಾಸದ ಚೀಟಿ ತಮಿಳಿನಲ್ಲಿತ್ತು. ನಾನು ಶಾಲೆಯ ಹಿಂದಿಯನ್ನು ಐವತ್ತು ವರ್ಷಗಳ ಧೂಳು ಕೊಡವಿ ಹೊರತೆಗೆದು, ಚೀಟಿಯನ್ನು ಓದಿ ಹೇಳಿ, ಹತ್ತಿ ಕೂತು ದಾರಿ ತೋರಿಸಿದೆ. ನನ್ನ ಊರು ಯಾವುದೆಂದು ಕೇಳಿದನು. "ಇದೇ" ಎಂದೆ. "ಅಚ್ಛಾ" ಎಂದನು, ಅಷ್ಟೇ. ಇಷ್ಟು ವರ್ಷಗಳಲ್ಲಿ ಆ ಉತ್ತರವನ್ನು ಮರುಪ್ರಶ್ನೆಯಿಲ್ಲದೆ ಒಪ್ಪಿಕೊಂಡ ಮೊದಲನೆಯ ಚಾಲಕ ಅವನು.

ಕಾರ್ಖಾನೆಯ ಬಾಗಿಲು ಇನ್ನೂ ತೆರೆದಿರಲಿಲ್ಲ. ಎದುರಿಗೆ ಒಂದು ಚಹಾದ ಅಂಗಡಿ. ಎರಡು ಚಹಾ ಬೇಕೆಂದು ಇಲ್ಲಿಯ ಮಾತಿನಲ್ಲಿ ಹೇಗೆ ಕೇಳಬೇಕೆಂದು ಹುಡುಗ ಕೇಳಿದನು. ಇಲ್ಲಿಯ ಮಾತು ಎಂದರೆ ಯಾವುದು ಎಂದು ಕೇಳಿ, ಅವನಿಗೆ ಅದು ತಿಳಿಯದ್ದರಿಂದ ತಮಿಳು, ಕನ್ನಡ ಎರಡನ್ನೂ ಕಲಿಸಿದೆ. ಅವನು ತುಟಿಯಲ್ಲಿಯೇ ಎರಡನ್ನೂ ಬಾಯಿಪಾಠ ಮಾಡುತ್ತ ರಸ್ತೆ ದಾಟಿ ಹೋದನು. ಅಂಗಡಿಯವನು ಮಲಯಾಳಿ.