ಬಾರಿ ಗಿಡದ ಗುರುದ್ವಾರ ಇರೋ ನಾಣ್ಯ

ಈ ವಾರ ಹೊಲದ ಸುದ್ದಿ ಸ್ವಲ್ಪ ಐತಿ. ಕಡ್ಲಿ ಕುಡಿ ಚಿವುಟೋದು ಮುಗೀತು, ಎರಿ ಹೊಲದಾಗ ತೇವ ಇನ್ನೂ ಹಿಡದೈತಿ, ಬಿಳಿಜೋಳ ಚಲೋ ಎದ್ದಾವ. ಕಾಯಿಕೊರಕದ ಸಲುವಾಗಿ ಮೋಹಕ ಬಲಿ ಕಟ್ಟೇನಿ, ಅದರ ಲೆಕ್ಕ ಮುಂದಿನ ವಾರ ಬರೀತೀನಿ.

ಇವತ್ತು ನಾಣ್ಯದ ಸುದ್ದಿ. ಗೌರಿ ಹುಣ್ಣಿವಿ ದಿನ ಸಕ್ರಿ ಆರತಿ ತಾಟಿನ ಪಕ್ಕ ಒಂದು ದೊಡ್ಡ ನಾಣ್ಯ ಇಟ್ಟು ಫೋಟೋ ಹಾಕಿದ್ದೆ. ಅದಕ್ಕ ಬಂದ ಪ್ರಶ್ನೆ ನೋಡಿದ್ರ, ಕಡ್ಲಿ ಬಗ್ಗೆ ಬರೆದಾಗ ಒಮ್ಮೆಯೂ ಅಷ್ಟು ಬಂದಿಲ್ಲ. ಅರ್ಧ ಮಂದಿ "ಕಾಕಾ, ಎಷ್ಟಕ್ಕ ಮಾರ್ತೀರಿ?" ಅಂತ ಕೇಳ್ಯಾರ. ಇನ್ನು ಕೆಲವರು ಅದು ಯಾವ ಗುಡಿ ಅಂತ. ಒಬ್ಬರು ಹಿರಿಯರು ಮಾತ್ರ ಸ್ವಲ್ಪ ಸಿಟ್ಟಿನಿಂದನ ಕೇಳ್ಯಾರ: "ನಮ್ಮ ಬಸವಣ್ಣನ ನಾಣ್ಯ ಬಿಟ್ಟು ಪಂಜಾಬದವರದ್ದು ನಿಮಗ್ಯಾಕ್ರಿ?"

ಬಸವಣ್ಣನ ನಾಣ್ಯ ಬಿಟ್ಟಿಲ್ರಿ. 2006ರಾಗ ಬಂದ 5 ರೂಪಾಯಿದು ನನ್ನ ಡಬ್ಬ್ಯಾಗ ನಾಕು ಅದಾವ, ಎಲ್ಲಾ ಕಿರಾಣಿ ಅಂಗಡಿ ಚಿಲ್ಲರದಾಗ ಬಂದವು. ನಾಣ್ಯ ಕೂಡಿಸೋ ಚಟ ಶುರುವಾಗಿದ್ದು ನಮ್ಮಪ್ಪ ಕೊಟ್ಟ ಒಂದು 50 ಪೈಸೆಯಿಂದ. 1973ರದು, ಹೆಚ್ಚು ಆಹಾರ ಬೆಳೆಯಿರಿ ಅಂತ ಅದರ ಮ್ಯಾಲೆ ಬರದಿತ್ತು. ಸರಕಾರ ರೈತನ ಕೆಲಸ ರೊಕ್ಕದ ಮ್ಯಾಲೆ ಹಾಕ್ತದ ಅಂತ ಆವಾಗ ನನಗ ಭಾಳ ಹೆಮ್ಮಿ. ಬೆಳದಿದ್ದಕ್ಕ ರೇಟು ಸಿಗೂದು ಬ್ಯಾರೆ ಮಾತು. ನಮ್ಮ ಭಾಗಕ್ಕ ನಾಣ್ಯ ಹೊಸಾದೂ ಅಲ್ಲ. ಇಲ್ಲೇ ಹತ್ತಿರದ ಲಕ್ಕುಂಡಿಯೊಳಗ ಹಿಂದಕ್ಕ ಟಂಕಸಾಲಿ ಇತ್ತು, ಲೊಕ್ಕಿ ಗದ್ಯಾಣ ಅಂತ ಶಾಸನದಾಗ ಬರೋದು ಅಲ್ಲಿಯ ಬಂಗಾರದ ನಾಣ್ಯ.

ಫೋಟೋದಾಗ ಇದ್ದದ್ದು 550 ರೂಪಾಯಿ ನಾಣ್ಯ. ಗುರು ನಾನಕರ 550ನೇ ಜಯಂತಿಗೆ ಕೇಂದ್ರ ಸರಕಾರ ಹೊರಡಿಸಿದ್ದು. 2019ರ ನವೆಂಬರ್ 9ಕ್ಕ, ಕರ್ತಾರಪುರದ ಹಾದಿ ತೆರೆದ ದಿನಾನ, ಪ್ರಧಾನಿ ಮೋದಿಯವರು ಡೇರಾ ಬಾಬಾ ನಾನಕದಾಗ ಬಿಡುಗಡೆ ಮಾಡಿದ್ರು. ಅದೇ ವರ್ಷ ಜನವರಿ 13ಕ್ಕ ಗುರು ಗೋಬಿಂದ ಸಿಂಗರ 350ನೇ ಜಯಂತಿದು 350 ರೂಪಾಯಿ ನಾಣ್ಯ ಬಂದಿತ್ತು. 2022ರ ಏಪ್ರಿಲ್ 21ಕ್ಕ ದಿಲ್ಲಿ ಕೆಂಪು ಕೋಟೆಯೊಳಗ ಗುರು ತೇಗ್ ಬಹಾದೂರರ 400 ರೂಪಾಯಿ ನಾಣ್ಯ ಬಂತು. ಅವರನ್ನ ಔರಂಗಜೇಬ 1675ರಾಗ ಕೊಲ್ಲಿಸಿದ್ದು ಅದೇ ಕೋಟೆ ಮುಂದಿನ ಚಾಂದನಿ ಚೌಕದಾಗ. ಮೂರರಾಗ ನನ್ನ ಹತ್ರ ಇರೋದು ಒಂದೇ. ಮೂರೂ ತಗೊಳೋ ತಾಕತ್ತು ಎರಡೂವರಿ ಎಕರೆ ಎರಿ ಹೊಲಕ್ಕಿಲ್ಲ.

ಯಾಕಂದ್ರ 550 ರೂಪಾಯಿ ನಾಣ್ಯ 550ಕ್ಕ ಸಿಗಂಗಿಲ್ಲ. ಅದು ಚಲಾವಣೆಗೆ ಬರೋ ನಾಣ್ಯನ ಅಲ್ಲ. ಮುಂಬೈ, ಕೋಲ್ಕತಾ, ಹೈದರಾಬಾದ್ ಟಂಕಸಾಲಿಯವರು ಬುಕಿಂಗ್ ಮ್ಯಾಲೆ ಮಾರ್ತಾರ, ಡಬ್ಬಿ ಸಮೇತ, ಮುಖಬೆಲೆಗಿಂತ ಭಾಳ ಹೆಚ್ಚಿಗಿ ರೇಟಿಗೆ. 350ರದೂ 550ರದೂ ಒಂದೇ ಅಳತಿ: 44 ಮಿಲಿಮೀಟರ್ ಅಗಲ, 35 ಗ್ರಾಂ ತೂಕ. ಅದರಾಗ ಅರ್ಧ ಬೆಳ್ಳಿ, ನೂರಕ್ಕ 40 ತಾಮ್ರ, ಉಳಿದದ್ದು ನಿಕ್ಕಲ್ ಮತ್ತು ಸತು. ಅಂದ್ರ ಬೆಳ್ಳಿ ಹದಿನೇಳೂವರಿ ಗ್ರಾಂ, ನಮ್ಮ ಲೆಕ್ಕದಾಗ ಒಂದೂವರಿ ತೊಲಿ. ಹೆಸರು ಮಾರಿದ ರೊಕ್ಕದಾಗ ಇದನ್ನ ತರಿಸಿದಾಗ ನಮ್ಮಾಕಿ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಹುಣಸೆಹಣ್ಣು ಹಿಡಕೊಂಡು ಬಂದ್ಲು, "ಕೊಡ್ರಿ ಇಲ್ಲೆ, ತಿಕ್ಕಿ ಫಳಫಳ ಮಾಡ್ತೀನಿ" ಅಂತ. ತಡದೆ. ನಿಮ್ಮ ಮನ್ಯಾಗೂ ಹಳೆ ನಾಣ್ಯ ಇದ್ರ ಹುಣಸೆಹಣ್ಣು, ವಿಭೂತಿ, ಪೇಸ್ಟು ಏನೂ ಹಚ್ಚಬ್ಯಾಡ್ರಿ. ಅಂಚು ಹಿಡದು ಎತ್ರಿ, ಮುಖಕ್ಕ ಬೆರಳು ತಾಗಿಸಬ್ಯಾಡ್ರಿ. ತಿಕ್ಕಿದ ನಾಣ್ಯಕ್ಕ ಕೂಡಿಸೋರ ಹತ್ರ ಬೆಲೆ ಇಲ್ಲ.

ಇನ್ನು ಅದರ ಮ್ಯಾಲಿರೋ ಕಟ್ಟಡ. ಒಂದು ಕಡೆ ಅಶೋಕನ ಸಿಂಹ, ಇನ್ನೊಂದು ಕಡೆ ಸುಲ್ತಾನಪುರ ಲೋಧಿಯ ಬೇರ್ ಸಾಹಿಬ್ ಗುರುದ್ವಾರ. ಗುರುಗಳ ಮುಖ ಇಲ್ಲ. 350 ರೂಪಾಯಿದರಾಗೂ ಗೋಬಿಂದ ಸಿಂಗರ ಮುಖ ಇಲ್ಲ, ಅವರು ಹುಟ್ಟಿದ ಪಟ್ನಾದ ಹರ್‌ಮಂದಿರ ಐತಿ. ಸಿಖ್ಖರು ಮೂರ್ತಿ ಪೂಜಿಸೋದಿಲ್ಲ, ಗ್ರಂಥ ಸಾಹಿಬನ್ನೇ ಗುರು ಅಂತಾರ. ನಮ್ಮ ಬಸವಣ್ಣನ ನಾಣ್ಯದಾಗ ಮುಖ ಹಾಕ್ಯಾರ. ಹನ್ನೆರಡನೇ ಶತಮಾನದ ಬಸವಣ್ಣನ ಮುಖ ಕಂಡವರು ಯಾರದಾರ ಹೇಳ್ರಿ? ಈ ಮಾತಿನ್ಯಾಗ ಸಿಖ್ಖರ ನಾಣ್ಯನ ನನಗ ಸರಿ ಅನಸ್ತದ. ಹಿರಿಯರು ಸಿಟ್ಟಾಗಬಾರದು.

ಬೇರ್ ಅಂದ್ರ ನಮ್ಮ ಬಾರಿ ಗಿಡ ರೀ, ಬದುವಿನ ಮ್ಯಾಲೆ ಇರ್ತದಲ್ಲ ಅದ. ಸುಲ್ತಾನಪುರದಾಗ ಕಾಲಿ ಬೇಯಿ ಅಂತ ಒಂದು ಸಣ್ಣ ಹೊಳಿ ಐತಿ, ಅದರ ದಂಡಿ ಮ್ಯಾಲಿನ ಬಾರಿ ಗಿಡದ ಕೆಳಗ ನಾನಕರು ಧ್ಯಾನಕ್ಕ ಕೂಡ್ತಿದ್ರು ಅಂತಾರ. ಆದ್ರ ನನ್ನನ್ನ ಹಿಡದದ್ದು ಧ್ಯಾನ ಅಲ್ಲ. ಅವರು ಆ ಊರಿಗೆ ಬಂದದ್ದು ಕಾಳಿನ ಕೋಠಿಯೊಳಗ ನೌಕರಿಗೆ. ಅಕ್ಕ ನಾನಕಿಯನ್ನ ಆ ಊರಿಗೆ ಕೊಟ್ಟಿದ್ರು. ಭಾವ ಜೈರಾಮ ಹೇಳಿ, ನವಾಬ ದೌಲತ್ ಖಾನ್ ಲೋದಿಯ ಮೋದಿಖಾನಾದಾಗ ಕೆಲಸ ಕೊಡಿಸಿದ. ದಿನಾ ಕಾಳು ತೂಗೋದು, ಲೆಕ್ಕ ಬರೆಯೋದು. ತೂಗುವಾಗ ಹದಿಮೂರಕ್ಕ ಬಂದ್ರ ಮುಂದಕ್ಕ ಹೋಗ್ತಿರಲಿಲ್ಲಂತ. ಅವರ ಭಾಷಾದಾಗ ಹದಿಮೂರಕ್ಕ 'ತೇರಾ' ಅಂತಾರ, 'ನಿನ್ನದು' ಅನ್ನೋದಕ್ಕೂ ಅದ ಶಬ್ದ. ತೇರಾ, ತೇರಾ ಅಂತ ದೇವರನ್ನ ನೆನೆಸ್ತಾ ಬಡವರ ಚೀಲಕ್ಕ ಹಾಕ್ತಾನ ಇರ್ತಿದ್ರು. ಯಾರೋ ಚಾಡಿ ಹೇಳಿ ನವಾಬ ಲೆಕ್ಕ ತೆಗೆಸಿದ, ದಾಸ್ತಾನು ಕಡಿಮಿ ಬರಲಿಲ್ಲ, ಹೆಚ್ಚಿಗೇ ಬಂತು ಅಂತ ಕಥಿ. ಆ ಊರಿನ ಹಟ್ ಸಾಹಿಬ್ ಗುರುದ್ವಾರದಾಗ ಅವರು ಬಳಸಿದ್ರು ಅನ್ನೋ ತೂಕದ ಕಲ್ಲು ಈಗಲೂ ಇಟ್ಟಾರ.

ದಾಸ್ತಾನು ಹೆಚ್ಚಾದದ್ದನ್ನ ನಂಬ್ರಿ, ಬಿಡ್ರಿ. ನಮ್ಮ ಕಣದಾಗೂ ಹಿರಿಯರು ರಾಶಿ ಅಳೆಯುವಾಗ ಒಂದು ಅಂತಿರಲಿಲ್ಲ, "ಲಾಭ" ಅಂತ ಶುರು ಮಾಡ್ತಿದ್ರು. ಎಣಿಕಿಯೊಳಗ ದೇವರನ್ನ ಕರೆಯೋದು ಒಕ್ಕಲಿಗರಿಗೆ ಹೊಸಾದಲ್ಲ. ನನಗ ನೆನಪಾಗೋದು ಬ್ಯಾರೆ. ಒಂದು ವರ್ಷ ಉಳ್ಳಾಗಡ್ಡಿ ಒಯ್ದಾಗ ಒಬ್ಬ ವ್ಯಾಪಾರಿ ಚೀಲಕ್ಕ ಎರಡು ಕಿಲೋ "ಹಸಿ ಐತಿ" ಅಂತ ಮುರದ. ನಲವತ್ತು ಚೀಲಕ್ಕ ಎಂಬತ್ತು ಕಿಲೋ. ಬಿಸಲಾಗ ಹದಿನೈದು ದಿನ ಒಣಗಿಸಿದ ಉಳ್ಳಾಗಡ್ಡಿ ಅದು. ಬ್ಯಾರೆ ಕಡೆ ಒಯ್ಯೋಣ ಅಂದ್ರ ಗಾಡಿ ಬಾಡಿಗಿ ಮ್ಯಾಲೆ ಬೀಳ್ತದ, ಕೊಟ್ಟು ಬಂದೆ. ತಕ್ಕಡಿ ಹಿಡಿದವನ ಕೈಯಾಗ ನಮ್ಮ ವರ್ಷ ಇರ್ತದ. ಹಿಂಗಾಗಿ ತಕ್ಕಡಿ ಹಿಡಿದ ಒಬ್ಬ ಮನಿಷ್ಯಾನ್ನ ಐದುನೂರು ವರ್ಷದಿಂದ ಕೈ ಮುಗಿದು ನೆನಸ್ತಾರ ಅಂದ್ರ, ಆ ಊರಿನ ಚಿತ್ರ ಇರೋ ನಾಣ್ಯ ನನ್ನ ಮನ್ಯಾಗ ಇರಬೇಕು ಅನಿಸ್ತು. ಹೆಸರಿನ ರೊಕ್ಕ ಹೋಗಿದ್ದು ಇದಕ್ಕ.

ಅವರ ಬಗ್ಗೆ ಇನ್ನೊಂದು ರೊಕ್ಕದ ಕಥಿ ಐತಿ. ಹರೇದಾಗ ಅಪ್ಪ 20 ರೂಪಾಯಿ ಕೊಟ್ಟು "ಲಾಭದ ವ್ಯಾಪಾರ ಮಾಡಿಕೊಂಡು ಬಾ" ಅಂತ ಕಳಿಸಿದ. ಹಾದ್ಯಾಗ ಹಸಿದ ಸಾಧುಗಳು ಕಂಡ್ರು, ಅಷ್ಟೂ ರೊಕ್ಕದ್ದು ಊಟ ಹಾಕಿಸಿ ಬರಿಗೈಲೆ ಮನಿಗೆ ಬಂದ್ರು. ಅಪ್ಪ ಬೈದ, ಬೈಯಂಗಿಲ್ಲೇನು! ಆದ್ರ ಸಿಖ್ಖರು ಅದನ್ನ 'ಸಚ್ಚಾ ಸೌದಾ', ಖರೇ ವ್ಯಾಪಾರ ಅಂತ ಕರೀತಾರ. ಕಡೀಕ ನಾನಕರು ಊರೂರು ತಿರುಗೋದು ಬಿಟ್ಟು ರಾವಿ ನದಿ ದಂಡಿ ಕರ್ತಾರಪುರದಾಗ ಸುಮಾರು 18 ವರ್ಷ ಒಕ್ಕಲುತನ ಮಾಡಿದ್ರು, 1539ರಾಗ ಅಲ್ಲೇ ತೀರಿಕೊಂಡ್ರು. ದುಡಿ, ದೇವರನ್ನ ನೆನಿ, ಹಂಚಿಕೊಂಡು ತಿನ್ನು. ಹಿರಿಯರ, ಇದನ್ನ ಕೇಳಿದ್ರ ನಿಮಗ ಕಾಯಕ, ದಾಸೋಹ ನೆನಪಾಗಲಿಲ್ಲೇನು? ನನಗ ಆತು.

ಸಿಖ್ಖರ ಹಳೆ ನಾಣ್ಯದಾಗೂ ಇದ ಮಾತು ಬರ್ತದ. ರಣಜಿತ್ ಸಿಂಗ್ ಲಾಹೋರದ ಮಹಾರಾಜ ಆಗಿ 1801ರಿಂದ ಬೆಳ್ಳಿ ರೂಪಾಯಿ ಹೊಡೆಸಿದ, ನಾನಕಶಾಹಿ ಅಂತ ಹೆಸರು. ದೊಡ್ಡ ರಾಜ್ಯ ಆಳಿದವ, ಆದ್ರ ನಾಣ್ಯದ ಮ್ಯಾಲೆ ತನ್ನ ಹೆಸರು ಹಾಕಿಸಲಿಲ್ಲ. ಗುರುಗಳ ಹೆಸರಿನ್ಯಾಗ ಪಾರ್ಸಿ ಸಾಲು, ಜೋಡಿಗೆ ಒಂದು ಎಲಿ ಚಿತ್ರ. ಗೋಬಿಂದಶಾಹಿ ಅನ್ನೋ ನಮೂನಿದರಾಗ ಪಾರ್ಸಿ ಸಾಲಿನ ಮೊದಲ ಶಬ್ದನ 'ದೇಗ್'. ಅಂದ್ರ ಅಡಗಿ ಹಂಡೆ, ಲಂಗರದ್ದು. ಅದರ ಮುಂದ ಕತ್ತಿ, ಆಮ್ಯಾಲೆ ಜಯ. ಅನ್ನದ ಹಂಡೆಯನ್ನ ಕತ್ತಿಗಿಂತ ಮೊದಲ ಹಾಕಿದ ರಾಜ್ಯದ ರೊಕ್ಕ ಬ್ಯಾರೆ ಕಡೆ ನಾನು ಕಂಡಿಲ್ಲ. ಈ ಹಂಡೆ–ಕತ್ತಿ ಮಾತು ಅದಕ್ಕೂ ಹಿಂದ ಬಂದಾ ಸಿಂಗ್ ಬಹಾದೂರನ ಮುದ್ರೆಯೊಳಗ ಇತ್ತು. 1708ರಾಗ ನಾಂದೇಡದಾಗ ಗೋಬಿಂದ ಸಿಂಗರನ್ನ ಕಂಡು ಪಂಜಾಬಕ್ಕ ಹೋದವ, ತಾನು ಗೆದ್ದ ಸೀಮಿಯೊಳಗ ಜಮೀನ್ದಾರಿ ತೆಗೆದು ಉಳುವವರಿಗೆ ಭೂಮಿ ಕೊಟ್ಟ. ನಮಗ ಅದು ಬರಲಿಕ್ಕೆ 1974 ಆಗಬೇಕಾತು.

ಬೀದರಕ್ಕ ನಾನು ಹೋಗಿದ್ದು ನಮ್ಮ ಅಕ್ಕನ ಮಗ ಅಲ್ಲಿ ಇಂಜಿನಿಯರಿಂಗ್ ಓದುವಾಗ. ಕಲಬುರಗಿ ಮ್ಯಾಲೆ ಹಾಸಿ ಬಸ್ಸು, ಸೊಂಟ ಹೋತು. ಅಲ್ಲಿ ಗುರುನಾನಕ ಝೀರಾ ಐತಿ. ದಕ್ಷಿಣಕ್ಕ ಬಂದಾಗ ನಾನಕರು ಆ ಊರಾಗ ತಂಗಿದ್ರು, ಕುಡಿಯೋ ನೀರಿಲ್ಲ ಅಂತ ಮಂದಿ ಅತ್ತಾಗ ಕಾಲಿಲೆ ಕಲ್ಲು ಸರಿಸಿದ್ರು, ಸೀನೀರು ಚಿಮ್ಮಿತು ಅಂತ ಸ್ಥಳದ ಕಥಿ. ಕೆಂಪು ಜಂಬಿಟ್ಟಿಗೆ ಕಲ್ಲಿನ ಸಂದಿಯಿಂದ ನೀರು ಬರೋದನ್ನ ಕಣ್ಣಾರೆ ಕಂಡೆ. ಬೋರು ನಾಕು ಸಲ ಫೇಲಾದ ರೈತನಿಗೆ ಅದನ್ನ ಪವಾಡ ಅಂತ ಒಪ್ಪಿಸಲಿಕ್ಕೆ ಯಾರೂ ಬ್ಯಾಡ. ಲಂಗರದಾಗ ನೆಲದ ಮ್ಯಾಲೆ ಕುಂತು ರೊಟ್ಟಿ, ದಾಲು ಉಂಡೆ. ಎರಡೂ ಕೈ ಚಾಚಿ ರೊಟ್ಟಿ ತಗೋಬೇಕು, ಬಡಿಸೋರು ನೀ ಯಾರಂವ ಅಂತ ಕೇಳಂಗಿಲ್ಲ.

1699ರ ವೈಶಾಖಿಗೆ ಗೋಬಿಂದ ಸಿಂಗರು ಮಂದಿ ಮುಂದ ಕತ್ತಿ ಹಿಡಿದು "ತಲಿ ಕೊಡೋರು ಯಾರು?" ಅಂತ ಕೇಳಿದಾಗ ಎದ್ದು ಬಂದ ಐದು ಮಂದಿಯೊಳಗ ಒಬ್ಬ ಬೀದರದವ. ಭಾಯಿ ಸಾಹಿಬ್ ಸಿಂಗ್, ಕ್ಷೌರಿಕ ಕುಲದವ. ಪಂಜಾಬದ ಧರ್ಮ ಅಂತ ಹಿರಿಯರು ಅಂದ್ರಲ್ಲ, ಅದರ ಮೊದಲ ಐದು ಜನರಾಗ ನಮ್ಮ ಕರ್ನಾಟಕದ ಊರಿನವ ಒಬ್ಬ ಅದಾನ್ರಿ. ಅದೇ ಬೀದರದಾಗ 1988ರಾಗ ಓದಲಿಕ್ಕೆ ಬಂದ ಸಿಖ್ ಹುಡುಗರನ್ನ ಕೊಂದದ್ದೂ ನಡೀತು. ಲಂಗರದಾಗ ನನ್ನ ಪಕ್ಕ ಕುಂತಿದ್ದ ವಯಸ್ಸಾದ ಸರದಾರರು ಆ ಸುದ್ದಿ ಎತ್ತಿ, ಅರ್ಧಕ್ಕ ಬಿಟ್ಟು, ಇನ್ನೊಂದು ರೊಟ್ಟಿ ಹಾಕಿಸಿದ್ರು. ನಾಣ್ಯದ ಮ್ಯಾಲೆ ಜಯಂತಿ ಬರ್ತಾವ, ಇಂಥಾದ್ದು ಬರಂಗಿಲ್ಲ.

ಈಗ "ಎಷ್ಟಕ್ಕ ಮಾರ್ತೀರಿ" ಅಂದವರಿಗೆ. ಮಾರೂದಿಲ್ಲ. ಆದ್ರ ನಿಮಗ ಒಂದು ಮಾತು ಹೇಳಲೇಬೇಕು. ಟ್ರ್ಯಾಕ್ಟರ್ ಚಿತ್ರದ 5 ರೂಪಾಯಿ ನೋಟಿಗೆ ಲಕ್ಷ ಕೊಡ್ತಾರ ಅಂತ ಫೋನಿನ್ಯಾಗ ವಿಡಿಯೋ ತಿರುಗಾಕ ಹತ್ತ್ಯಾವ. ಪಕ್ಕದೂರಿನ ಒಬ್ಬ ಹುಡುಗ ಹಂಗ ನಂಬಿ, ಮೊದಲು ನೋಂದಣಿ ಅಂತ, ಆಮ್ಯಾಲೆ ಟ್ಯಾಕ್ಸ್ ಅಂತ, ಗೊಬ್ಬರಕ್ಕಿಟ್ಟಿದ್ದ 8,400 ರೂಪಾಯಿ ಕಳಿಸಿ ಕುಂತ. ಅವರಪ್ಪಗ ಇನ್ನೂ ಹೇಳಿಲ್ಲ. ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನ್ಯಾಗನ ಹೇಳೇತಿ: ಹಳೆ ನೋಟು, ನಾಣ್ಯದ ವ್ಯವಹಾರ ನಾವು ಮಾಡಂಗಿಲ್ಲ, ಯಾವ ಫೀ ಕೇಳಂಗಿಲ್ಲ, ನಮ್ಮ ಹೆಸರಿನ್ಯಾಗ ಕೇಳಿದ್ರ ಮೋಸ ಅಂತ. ಕೊಳ್ಳೋನು ರೊಕ್ಕ ಕೊಡಬೇಕೋ, ಮಾರೋನು ಕೊಡಬೇಕೋ? ಇಷ್ಟು ಕೇಳಿದ್ರ ಸಾಕು, ಫೋನ್ ಕಟ್ ಆಗ್ತದ.

ಇನ್ನೊಂದು ಥರದ್ದು ಜಾತ್ರಿಯೊಳಗ ಸಿಗ್ತದ. ಒಂದು ಕಡೆ ಗುರು ನಾನಕರು, ಆಚೀಚೆ ಬಾಲಾ, ಮರ್ದಾನಾ. ಇನ್ನೊಂದು ಕಡೆ ಗೋಬಿಂದ ಸಿಂಗರು ಇರೋ ಹಿತ್ತಾಳಿ ಬಿಲ್ಲೆ. "ಪುರಾತನ ಸಿಖ್ ನಾಣ್ಯ" ಅಂತ ಸಾವಿರಗಟ್ಟಲೆ ಹೇಳ್ತಾರ. ಅದು ರೊಕ್ಕ ಅಲ್ಲ, ಭಕ್ತರು ಪೂಜಾಕ್ಕ ಇಟ್ಟುಕೊಳ್ಳೋ ಬಿಲ್ಲೆ, ನಮ್ಮ ಜಗಲಿ ಮ್ಯಾಲಿನ ರಾಮಟೆಂಕಿ ಇದ್ದಂಗ. ಪೂಜಾಕ್ಕ ಬೇಕಾದ್ರ ಹಿತ್ತಾಳಿ ರೇಟಿಗೆ ತಗೊಳ್ರಿ. ಖರೇ ನಾನಕಶಾಹಿ ರೂಪಾಯಿಯೊಳಗ ಮುಖ ಇರಂಗಿಲ್ಲ, ಪಾರ್ಸಿ ಅಕ್ಷರ ಮತ್ತು ಎಲಿ ಇರ್ತದ. ಅದನ್ನೂ ತಿಳಿದವರಿಗೆ ತೋರಿಸದ ಕೊಳ್ಳಬ್ಯಾಡ್ರಿ, ನಕಲಿ ಭಾಳ ಅದಾವ.

ಬೀದರಕ್ಕ ಹೋಗೋರು ಝೀರಾ ಒಂದೇ ನೋಡಿ ಬರಬ್ಯಾಡ್ರಿ. ಅಲ್ಲಿಂದ ಹತ್ತು ಹನ್ನೊಂದು ಕಿಲೋಮೀಟರ್ ದೂರ ಜನವಾಡ ಐತಿ. ಮುಕ್ತಸರದ ಕಾಳಗದಾಗ ಹೋರಾಡಿದ ಮಾಯಿ ಭಾಗೋ ಗುರುಗಳ ಜೋಡಿ ನಾಂದೇಡಕ್ಕ ಬಂದು, ಗುರು ತೀರಿದ ಮ್ಯಾಲೆ ಈ ಜನವಾಡದಾಗ ಬಂದು ಉಳಿದ್ಲು, ಇಲ್ಲೇ ಮಣ್ಣಾದ್ಲು. ಕೈಯಾಗ ಭಲ್ಲೆ ಹಿಡಿದ ಒಕ್ಕಲಗಿತ್ತಿ. ಆಕಿ ನಾಣ್ಯ ಯಾವಾಗರ ಬಂದ್ರ, ನಮ್ಮಾಕಿನ ಕೇಳಿ ಹೆಸರು ಮಾರ್ತೀನಿ.