ಆ ಪುಡಿ ಎಲ್ಲಿಗೆ ಹೋಗುತ್ತದೆ?

ನವಿ ಮುಂಬಯಿಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಓದುವ ನಮ್ಮ ಮಗಳಿಗೆ ನ್ಯಾನೋ ತಂತ್ರಜ್ಞಾನದ ಯಾವುದಾದರೂ ಸಂಶೋಧನೆಯನ್ನು ಕುರಿತು ಹತ್ತು ನಿಮಿಷ ಮಾತನಾಡುವ ಕೆಲಸ ಬಂದಿತ್ತು. ಠಾಣೆಯಲ್ಲಿ ಗಾಡಿ ಬದಲಿಸಿ ಡೊಂಬಿವಲಿಗೆ ಮರಳುವಷ್ಟರಲ್ಲಿ ಮೊಬೈಲಿನಲ್ಲೇ ಇಪ್ಪತ್ತೆಂಟು ಸ್ಲೈಡುಗಳು ಸಿದ್ಧವಾಗಿದ್ದವು. 1959ರ ಫೈನ್‌ಮನ್ ಭಾಷಣ, 1974ರಲ್ಲಿ ಈ ಹೆಸರನ್ನು ಬಳಕೆಗೆ ತಂದ ತಾನಿಗುಚಿ, ನಮ್ಮ ಸಿ.ಎನ್.ಆರ್. ರಾವ್, ಎಲ್ಲರೂ ಇದ್ದರು. ವಿಷಯ ಮಾತ್ರ ಇರಲಿಲ್ಲ. ಚೆಂದದ ಚಿತ್ರಗಳನ್ನು ಕಂಡು ನಾವಿಬ್ಬರೂ ಮೊದಲು ಹಿಗ್ಗಿದ್ದೆವೆಂಬುದನ್ನು ಒಪ್ಪಿಕೊಳ್ಳಬೇಕು.

ಅವಳು ಆರಿಸಿಕೊಂಡದ್ದು ಟೈಟಾನಿಯಂ ಡೈಆಕ್ಸೈಡ್. ಅದರ ನ್ಯಾನೋ ಕಣಗಳ ಮೇಲೆ ನೇರಳಾತೀತ ಬೆಳಕು ಬಿದ್ದರೆ ನೀರಿನಲ್ಲಿ ಬೆರೆತ ಬಣ್ಣದ ಅಣುಗಳು ಒಡೆಯುತ್ತವೆ. ನಮಗಿದು ದೂರದ ಮಾತಲ್ಲ. 2020ರಲ್ಲಿ ಡೊಂಬಿವಲಿಯ ಕೈಗಾರಿಕಾ ಪ್ರದೇಶದ ರಸ್ತೆಯೊಂದು ಗುಲಾಬಿ ಬಣ್ಣಕ್ಕೆ ತಿರುಗಿ ಸುದ್ದಿಯಾದದ್ದನ್ನು ಇಲ್ಲಿಯವರು ಮರೆತಿಲ್ಲ.

ಕಣ ಸಣ್ಣದಾದರೆ ಏನು ಲಾಭವೆಂದು ಕೇಳಿದಾಗ ಮಗಳು ಇಂಗ್ಲಿಷ್ ವಾಕ್ಯವೊಂದನ್ನು ಒಪ್ಪಿಸಿದಳು. ಅದನ್ನೇ ಅಜ್ಜಿಗೆ ಕನ್ನಡದಲ್ಲಿ ಹೇಳು ಎಂದೆವು. ತಡವರಿಸಿದಳು. ಆ ರಾತ್ರಿ ಮೂವರೂ ಕಾಗದ ಹಿಡಿದು ಕುಳಿತೆವು. ಒಂದು ಸೆಂಟಿಮೀಟರ್ ಬದಿಯ ಘನದ ಹೊರಮೈ ಆರು ಚದರ ಸೆಂಟಿಮೀಟರ್. ಅದನ್ನೇ ಒಂದು ನ್ಯಾನೋಮೀಟರಿನ ಘನಗಳಾಗಿ ಕತ್ತರಿಸಿದರೆ ಒಟ್ಟು ಹೊರಮೈ 6,000 ಚದರ ಮೀಟರ್, ಸುಮಾರು ಒಂದೂವರೆ ಎಕರೆ! ಸೊನ್ನೆಗಳನ್ನು ಎಣಿಸುವಲ್ಲಿ ಎರಡು ಬಾರಿ ತಪ್ಪಿದೆವು. ಕ್ರಿಯೆ ನಡೆಯುವುದು ಹೊರಮೈಯಲ್ಲಿ. ಆದ್ದರಿಂದಲೇ ಚಿಟಿಕೆ ಪುಡಿಗೆ ಅಷ್ಟು ಬಲ.

ಮರುದಿನ ಅಜ್ಜಿ ಪೂರ್ತಿ ಕೇಳಿಸಿಕೊಂಡರು. "ಅಚ್ಚುಬೆಲ್ಲಕ್ಕಿಂತ ಪುಡಿ ಮಾಡಿದ್ದು ಬೇಗ ಕರಗಿದ ಹಾಗೆ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ನೀರು ತಿಳಿಯಾಯ್ತು, ಸರಿ. ಆ ಪುಡಿ ಆಮೇಲೆ ಎಲ್ಲಿಗೆ ಹೋಗ್ತದೆ ಮಗಾ?"

ಇಪ್ಪತ್ತೆಂಟು ಸ್ಲೈಡುಗಳಲ್ಲಿ ಎಲ್ಲಿಯೂ ಉತ್ತರವಿರಲಿಲ್ಲ. ಹುಡುಕಿದಾಗ ತಿಳಿಯಿತು, ಸಂಶೋಧಕರನ್ನು ಕಾಡುವ ಪ್ರಶ್ನೆಯೂ ಅದೇ. ಅಷ್ಟು ನುಣ್ಣನೆಯ ಪುಡಿಯನ್ನು ಸೋಸಿ ಹಿಂಪಡೆಯುವುದು ಸುಲಭವಲ್ಲ. ಗಾಜಿಗೆ ಅಂಟಿಸಿದರೆ ತೆರೆದ ಮೈ ಕಡಿಮೆಯಾಗುತ್ತದೆ. ಕಬ್ಬಿಣದ ಆಕ್ಸೈಡಿನೊಡನೆ ಬೆಸೆದು ಆಯಸ್ಕಾಂತದಿಂದ ಸೆಳೆಯುವ ಪ್ರಯತ್ನಗಳೂ ನಡೆದಿವೆ. ಸಾಲದ್ದಕ್ಕೆ, ಬಿಸಿಲಿನಲ್ಲಿ ನೇರಳಾತೀತದ ಪಾಲು ನೂರಕ್ಕೆ ಐದರಷ್ಟು ಮಾತ್ರ.

ಸ್ಲೈಡುಗಳು ಒಂಬತ್ತಕ್ಕೆ ಇಳಿದವು. ಫೈನ್‌ಮನ್ ಹೋದರು, ರಾವ್ ಕೂಡ ಹೋದರು (ನಮಗೆ ತುಸು ಬೇಸರವಾಯಿತು). ಅಜ್ಜಿಯ ಪ್ರಶ್ನೆಗೆ ನಾಲ್ಕು ಸ್ಲೈಡು ಸಂದವು. ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಮಗಳು ಇಂಗ್ಲಿಷಿನಲ್ಲಿ ಹೇಳಬೇಕಾದುದನ್ನು ಕನ್ನಡದಲ್ಲಿ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು.